ಅಂಚೆ, ಕೊರಿಯರ್, ಡಿಡಿಪಿ, ಬ್ರೋಕರ್: ಕಸ್ಟಮ್ಸ್ ದಾಟಿಸಲು ಯಾವುದು ವಾಸಿ?

ಹೊರದೇಶದಿಂದ ತರಿಸಿದ ಸಾಮಾನು ಕಸ್ಟಮ್ಸ್‌ನಲ್ಲಿ ನಿಂತರೆ ಎಲ್ಲರೂ ಟ್ರ್ಯಾಕಿಂಗ್ ಪುಟವನ್ನೇ ಮತ್ತೆ ಮತ್ತೆ ತೆರೆಯುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ಪೆಟ್ಟಿಗೆಯನ್ನು ತಡೆದು ನಿಲ್ಲಿಸುವುದು ಅದರ ಘೋಷಣಾ ಪತ್ರ. ಅಂಚೆ, ಕೊರಿಯರ್, ಸುಂಕವನ್ನು ಅಂಗಡಿಗೇ ಮೊದಲು ಕಟ್ಟುವ ಡಿಡಿಪಿ, ಕಸ್ಟಮ್ಸ್ ಕಾಗದಪತ್ರ ಮಾಡಿಕೊಡುವ ಬ್ರೋಕರ್, ಈ ನಾಲ್ಕೂ ದಾರಿಗಳನ್ನು ಬಳಸಿ ನೋಡಿದ ಮೇಲೆ ಹೇಳುವುದಾದರೆ, ಅವುಗಳ ನಡುವಿನ ದೊಡ್ಡ ವ್ಯತ್ಯಾಸ ವೇಗದ್ದಲ್ಲ. ಘೋಷಣೆ ಬರೆಯುವವರು ಯಾರು, ತಪ್ಪಿದ್ದರೆ ತಿದ್ದಲು ನಿಮಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದರದ್ದು.

ಅಂಚೆ

ಇಲ್ಲಿ ಕಳಿಸುವವರು ಅಂಟಿಸಿದ ಚೀಟಿಯೇ ಸರ್ವಸ್ವ. ಸಣ್ಣ ಪ್ಯಾಕೆಟ್‌ನ ಮೌಲ್ಯ 300 ಎಸ್‌ಡಿಆರ್ (ಅಂತರರಾಷ್ಟ್ರೀಯ ಅಂಚೆಯಲ್ಲಿ ಬಳಸುವ ಐಎಂಎಫ್‌ನ ಲೆಕ್ಕದ ಮಾನ) ಒಳಗಿದ್ದರೆ ಸಿಎನ್ 22 ಎಂಬ ಚಿಕ್ಕ ಘೋಷಣಾ ಚೀಟಿ, ಮೀರಿದರೆ ಸಿಎನ್ 23 ಎಂಬ ವಿವರವಾದ ನಮೂನೆ. ನೀವು ಸಾಮಾನ್ಯವಾಗಿ ಯಾವ ಅರ್ಜಿಯನ್ನೂ ತುಂಬುವುದಿಲ್ಲ. ಅಧಿಕಾರಿ ಚೀಟಿ ನೋಡಿ ಸುಂಕ ಹಾಕುತ್ತಾರೆ, ಅಂಚೆಯವರು ವಸೂಲಿ ಮಾಡುತ್ತಾರೆ. ಅವರ ಹ್ಯಾಂಡ್ಲಿಂಗ್ ಶುಲ್ಕ ಕೊರಿಯರ್‌ನವರದ್ದಕ್ಕಿಂತ ಬಹುತೇಕ ಕಡಿಮೆಯೇ ಇರುತ್ತದೆ. ಪುಸ್ತಕ, ಸಣ್ಣ ಬಿಡಿಭಾಗ, ಬಟ್ಟೆಯಂಥವಕ್ಕೆ ಅಂಚೆಯನ್ನು ಮೀರಿಸಿದ್ದು ಇಲ್ಲ.

ಕೆಡುವುದು ಚೀಟಿಯ ಭಾಷೆಯಿಂದ. "ಪಾರ್ಟ್ಸ್" ಅಂತಲೋ "ಗಿಫ್ಟ್" ಅಂತಲೋ ಒಂದೇ ಪದ ಬರೆದಿದ್ದರೆ ಪೊಟ್ಟಣ ಬಿಚ್ಚುವುದು ಹೆಚ್ಚುಕಡಿಮೆ ಖಚಿತ. ವಸ್ತು ಏನು, ಯಾವುದರಿಂದ ಮಾಡಿದ್ದು, ಯಾವುದಕ್ಕೆ ಬಳಸುವುದು ಎಂಬ ಮೂರೂ ಒಂದೇ ಸಾಲಿನಲ್ಲಿ ಬರಬೇಕು: "ಸೈಕಲ್ಲಿನ ಅಲ್ಯೂಮಿನಿಯಂ ಹ್ಯಾಂಡಲ್, 1, ಹೊಸದು" ಎಂಬಂತೆ. ಹಣ ಕೊಟ್ಟು ಕೊಂಡದ್ದಕ್ಕೆ "ಉಡುಗೊರೆ" ಎಂಬ ಚೌಕಕ್ಕೆ ಟಿಕ್ ಹಾಕಿಸಬೇಡಿ. ಅಂಗಡಿಯ ಬಿಲ್ಲು ಒಳಗೇ ಇರುತ್ತದೆ. ಬೆಲೆ ಕಡಿಮೆ ಬರೆಸಿದರೆ ಪಾರ್ಸೆಲ್ ಕಳೆದಾಗ ಪರಿಹಾರವೂ ಅಷ್ಟೇ ಸಿಗುತ್ತದೆ.

ಟ್ರ್ಯಾಕಿಂಗ್ ಸಂಖ್ಯೆಯ ಮೊದಲ ಅಕ್ಷರವನ್ನೂ ಗಮನಿಸಿ. 13 ಅಕ್ಷರ-ಅಂಕೆಗಳ ಈ ಸಂಖ್ಯೆ ಇ ಇಂದ ಶುರುವಾದರೆ ಇಎಂಎಸ್ (ಅಂಚೆಯ ಎಕ್ಸ್‌ಪ್ರೆಸ್ ಸೇವೆ), ಸಿ ಇಂದಾದರೆ ಪಾರ್ಸೆಲ್, ಆರ್ ಇಂದಾದರೆ ರಿಜಿಸ್ಟರ್ಡ್. ಯು ಇಂದ ಶುರುವಾದದ್ದು ಅಗ್ಗದ ಪ್ಯಾಕೆಟ್. ಅದಕ್ಕೆ ಪೂರ್ತಿ ಟ್ರ್ಯಾಕಿಂಗ್ ಇರುವುದಿಲ್ಲ, ನಾಪತ್ತೆಯಾದರೆ ಕೇಳುವವರೂ ಇಲ್ಲ. ರಿಜಿಸ್ಟರ್ಡ್ ಮತ್ತು ಪಾರ್ಸೆಲ್‌ಗಳ ಬಗ್ಗೆ ವಿಚಾರಣೆ ಕೋರಲು ಕಳಿಸಿದ ದಿನದಿಂದ ಆರು ತಿಂಗಳು ಅವಕಾಶವಿದೆ. ಅದನ್ನು ಕಳಿಸಿದವರ ಕಡೆಯಿಂದ ಹಾಕಿಸುವುದೇ ಲೇಸು.

ಎಕ್ಸ್‌ಪ್ರೆಸ್ ಕೊರಿಯರ್

ಘೋಷಣೆ ಸಲ್ಲಿಸುವುದು ಕೊರಿಯರ್‌ನ ಕ್ಲಿಯರೆನ್ಸ್ ವಿಭಾಗ. ಅವರ ಮುಂದಿರುವುದು ಮಾರಾಟಗಾರ ಕೊಟ್ಟ ಇನ್‌ವಾಯ್ಸ್. ವಿಮಾನ ಇಳಿಯುವ ಮೊದಲೇ ಸಲ್ಲಿಕೆ ಮುಗಿದಿರುವುದೂ ಉಂಟು. ಹಾಗಾಗಿ ಏರ್‌ವೇ ಬಿಲ್ ಸಂಖ್ಯೆ (ಕೊರಿಯರ್‌ನ ಟ್ರ್ಯಾಕಿಂಗ್ ಸಂಖ್ಯೆ) ಬಂದ ದಿನವೇ ಇನ್‌ವಾಯ್ಸ್ ಪ್ರತಿ ತರಿಸಿಕೊಂಡು ಓದಿ. ವಸ್ತುವಿನ ವಿವರಣೆ, ಎಚ್‌ಎಸ್ ಕೋಡ್ (ಸುಂಕ ಹಾಕಲು ಸರಕನ್ನು ವರ್ಗೀಕರಿಸುವ ಸಂಖ್ಯೆ), ತಯಾರಾದ ದೇಶ, ಬಿಡಿ ಬೆಲೆ ಮತ್ತು ಕರೆನ್ಸಿ, ನಿಮ್ಮ ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರು: ಇಷ್ಟರಲ್ಲಿ ಒಂದು ತಪ್ಪಿದರೂ ಪೆಟ್ಟಿಗೆ ನಿಲ್ಲುತ್ತದೆ. ತಯಾರಾದ ದೇಶವೆಂದರೆ ಕಳಿಸಿದ ದೇಶವಲ್ಲ. ವ್ಯಾಪಾರ ಒಪ್ಪಂದದ ರಿಯಾಯಿತಿ ಬೇಕೆಂದರೆ ಮೂಲ ದೇಶದ ಪುರಾವೆಯೂ ಬೇಕು.

ಎಚ್‌ಎಸ್ ಕೋಡಿನ ಮೊದಲ ಆರು ಅಂಕೆ ಲೋಕಕ್ಕೆಲ್ಲ ಒಂದೇ, ಮುಂದಿನವು ಆಯಾ ದೇಶದವು. ಸಾಮಾನ್ಯ ಗಿಟಾರ್ 9202ರಲ್ಲಿ ಬರುತ್ತದೆ, ಎಲೆಕ್ಟ್ರಿಕ್ ಗಿಟಾರ್ 9207ರಲ್ಲಿ. ಇನ್‌ವಾಯ್ಸ್‌ನಲ್ಲಿ ಬರೀ "ಗಿಟಾರ್" ಎಂದಿದ್ದರೆ ಗುಮಾಸ್ತ ತನಗೆ ತೋಚಿದ್ದನ್ನು ಹಾಕುತ್ತಾನೆ. ಸಲ್ಲಿಸುವ ಮೊದಲು ತಿದ್ದಿಸಲು ಒಂದು ಇಮೇಲ್ ಸಾಕು. ಸಲ್ಲಿಸಿದ ಮೇಲೆ ತಿದ್ದುಪಡಿ, ಮರುಪಾವತಿ ಎಂದು ಅಲೆದಾಟ.

ಕೂಪನ್ ರಿಯಾಯಿತಿಯಲ್ಲಿ ಕೊಂಡಿದ್ದರೆ ಆ ರಿಯಾಯಿತಿ ಇನ್‌ವಾಯ್ಸ್‌ನಲ್ಲೇ ಪ್ರತ್ಯೇಕ ಸಾಲಾಗಿ ಕಾಣಬೇಕು. ಇಲ್ಲದಿದ್ದರೆ ವೆಬ್‌ಸೈಟಿನ ಪೂರ್ಣ ಬೆಲೆಯನ್ನೇ ಹಿಡಿಯುತ್ತಾರೆ. ಪುರಾವೆ ಕೇಳಿದಾಗ ಆರ್ಡರ್ ಪುಟದ ಚಿತ್ರವೊಂದನ್ನೇ ಕಳಿಸಬೇಡಿ. ಅದೇ ಮೊತ್ತ ಕಾಣುವ ಬ್ಯಾಂಕ್ ಅಥವಾ ಕಾರ್ಡ್ ಸ್ಟೇಟ್‌ಮೆಂಟ್ ಜೊತೆಗಿದ್ದರೆ ಎರಡನೇ ಸುತ್ತಿನ ಪ್ರಶ್ನೆ ಬಹುತೇಕ ಬರುವುದಿಲ್ಲ.

ಜೇಬಿಗೆ ಹೊಡೆತ ಬೀಳುವುದು ಬೇರೆ ಕಡೆ. ಕೊರಿಯರ್ ತೂಕಕ್ಕಷ್ಟೇ ಅಲ್ಲ, ಗಾತ್ರಕ್ಕೂ ದುಡ್ಡು ತೆಗೆದುಕೊಳ್ಳುತ್ತದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ವಾಡಿಕೆ. 110×45×18ರ ಗಿಟಾರ್ ಪೆಟ್ಟಿಗೆ ಆರು ಕಿಲೋ ತೂಗಿದರೂ ಬಿಲ್ಲಾಗುವುದು 18 ಕಿಲೋಗೆ. ಬಹುತೇಕ ದೇಶಗಳಲ್ಲಿ ಸುಂಕದ ಲೆಕ್ಕ ಬೆಲೆ, ವಿಮೆ, ಸಾಗಣೆ ಮೂರೂ ಕೂಡಿದ ಮೊತ್ತದ ಮೇಲೆ. ಬೆಲೆ 100, ಸಾಗಣೆ 20, ವಿಮೆ 1 ಎಂದುಕೊಳ್ಳಿ. 121ರ ಮೇಲೆ ಶೇ 10 ಸುಂಕ 12.10. ಕೂಡಿದ 133.10ರ ಮೇಲೆ ಶೇ 20 ತೆರಿಗೆ 26.62. ಒಟ್ಟು 38.72. ಶೇ 10 ಮತ್ತು 20 ಕೂಡಿದರೆ 30 ಎಂದು ಲೆಕ್ಕ ಹಾಕಿದವರು ಇಲ್ಲೇ ಬೆಚ್ಚಿಬೀಳುವುದು. ಇದರ ಮೇಲೆ, ನಿಮ್ಮ ಪರವಾಗಿ ಸುಂಕ ಮುಂಗಡ ಕಟ್ಟಿದ್ದಕ್ಕೆ ಕೊರಿಯರ್‌ನ ಶುಲ್ಕ ಬೇರೆ. ಅದಕ್ಕೆ ಕನಿಷ್ಠ ಮೊತ್ತ ಇರುವುದರಿಂದ ಅಗ್ಗದ ವಸ್ತುವಿಗೆ ಸುಂಕಕ್ಕಿಂತ ಶುಲ್ಕವೇ ಹೆಚ್ಚಾಗುವುದುಂಟು. ಬೆಲೆಬಾಳುವ, ವರ್ಗೀಕರಣದಲ್ಲಿ ತಕರಾರು ಬರಬಹುದಾದ ವಸ್ತುವಿಗೆ ಮಾತ್ರ ಕೊರಿಯರ್ ಆರಿಸಿ.

ಡಿಡಿಪಿ

ಸುಂಕ, ತೆರಿಗೆಗಳನ್ನು ಮಾರಾಟಗಾರ ಚೆಕ್‌ಔಟ್‌ನಲ್ಲೇ ತೆಗೆದುಕೊಳ್ಳುವ ಪದ್ಧತಿ. ಎಲ್ಲಕ್ಕಿಂತ ನೆಮ್ಮದಿಯದು, ಸರಿಯಾಗಿ ನಡೆದರೆ. ಚೆಕ್‌ಔಟ್‌ನಲ್ಲಿ ಡಿಎಪಿ ಎಂದಿದ್ದರೆ ಸುಂಕ ನಿಮ್ಮ ತಲೆಯ ಮೇಲೆಯೇ. ಎರಡರ ನಡುವೆ ಇರುವುದು ಒಂದೇ ಅಕ್ಷರದ ಅಂತರ, ಮೋಸ ಹೋಗಬೇಡಿ. ಹಣ ಎರಡು ಸಲ ಹೋಗುವುದು ಇದರ ಹಳೇ ಕಾಯಿಲೆ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಜುಲೈ 1ರಿಂದ 150 ಯೂರೋವರೆಗಿನ ಸರಕಿಗೆ ಅಂಗಡಿಯೇ ವ್ಯಾಟ್ ವಸೂಲಿ ಮಾಡಬಹುದು. ಆದರೆ ಅಂಗಡಿಯ ಐಒಎಸ್‌ಎಸ್ ಸಂಖ್ಯೆ (ಈ ವ್ಯಾಟ್ ವಸೂಲಿಗೆ ಪಡೆದ ನೋಂದಣಿ ಸಂಖ್ಯೆ) ಕಸ್ಟಮ್ಸ್‌ಗೆ ಹೋಗುವ ಎಲೆಕ್ಟ್ರಾನಿಕ್ ದತ್ತಾಂಶದಲ್ಲಿ ಇಲ್ಲದಿದ್ದರೆ, ಬಾಗಿಲಲ್ಲಿ ಮತ್ತೆ ವ್ಯಾಟ್ ಕೇಳುತ್ತಾರೆ. ತೆರಿಗೆಯ ಸಾಲು ಬೇರೆಯಾಗಿ ಕಾಣುವ ರಸೀದಿ ಇಟ್ಟುಕೊಂಡರೆ ಅಂಗಡಿಯಿಂದ ವಾಪಸು ಕೇಳಬಹುದು.

ಬ್ರೋಕರ್

ಪೀಠೋಪಕರಣ, ಯಂತ್ರ, ಹಡಗಿನಲ್ಲಿ ಬರುವ ಸರಕು ಇದ್ದರೆ ಮಾತ್ರ. ಘೋಷಣೆಯ ಕರಡು ನೀವೇ ನೋಡಿ ಒಪ್ಪಬಹುದಾದ ದಾರಿ ಇದೊಂದೇ. ಕಂಟೇನರ್ ಹಂಚಿಕೊಂಡು ತರಿಸಿದರೆ ಸಾಗಣೆ ದರ ಒಂದು ಘನ ಮೀಟರ್ ಅಥವಾ 1000 ಕಿಲೋ, ಯಾವುದು ಹೆಚ್ಚೋ ಅದಕ್ಕೆ. ಆ ದರ ಅಗ್ಗವೆಂದು ಹಿಗ್ಗಬೇಡಿ. ಟರ್ಮಿನಲ್ ಹ್ಯಾಂಡ್ಲಿಂಗ್, ಡೆಲಿವರಿ ಆರ್ಡರ್, ಗೋದಾಮು, ಬ್ರೋಕರ್ ಶುಲ್ಕ ಎಲ್ಲವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಮರದ ಪೆಟ್ಟಿಗೆಯಾದರೆ ಐಎಸ್‌ಪಿಎಂ 15 ಮುದ್ರೆ (ಮರಕ್ಕೆ ಕೀಟ ನಿವಾರಣಾ ಸಂಸ್ಕರಣೆ ಆಗಿದೆ ಎಂಬ ಅಂತರರಾಷ್ಟ್ರೀಯ ಗುರುತು) ಇದೆಯೇ ಎಂದು ಹೊರಡುವ ಮುಂಚೆಯೇ ಫೋಟೋ ತರಿಸಿ ನೋಡಿ. ಎಚ್‌ಟಿ ಎಂದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ ಎಂದರ್ಥ. ಮುದ್ರೆ ಇಲ್ಲದಿದ್ದರೆ ಒಳಗಿನ ಸರಕು ಎಷ್ಟೇ ಸರಿಯಿದ್ದರೂ ಸಸ್ಯ ಸಂಗರೋಧದವರು ಬಿಡುವುದಿಲ್ಲ.

ರಿಪೇರಿಗೆ ಹೊರದೇಶಕ್ಕೆ ಕಳಿಸುವುದಿದ್ದರೆ ಯಾವ ದಾರಿಯಾದರೂ ಒಂದು ಕೆಲಸ ಮೊದಲೇ ಆಗಬೇಕು: ಹೋಗುವಾಗಿನ ರಫ್ತು ಘೋಷಣೆಯಲ್ಲಿ ಸೀರಿಯಲ್ ನಂಬರ್ ಬರೆಸಿ, ಅದರ ಪ್ರತಿ ಇಟ್ಟುಕೊಳ್ಳುವುದು. ಅದಿಲ್ಲದಿದ್ದರೆ ಮರಳಿ ಬಂದದ್ದಕ್ಕೆ ಹೊಸ ವಸ್ತುವಿನಂತೆ ಪೂರ್ತಿ ಸುಂಕ ಬೀಳುತ್ತದೆ. ವಾರಂಟಿಯಲ್ಲಿ ಉಚಿತವಾಗಿ ಬಂದ ಬದಲಿ ವಸ್ತುವಿಗೂ ಬೆಲೆ ಸೊನ್ನೆ ಎಂದು ಬರೆಯುವಂತಿಲ್ಲ. ನಿಜ ಬೆಲೆ ಬರೆದು, ಇದು ಕಸ್ಟಮ್ಸ್ ಲೆಕ್ಕಕ್ಕೆ ಮಾತ್ರ ಎಂಬ ಸಾಲು ಸೇರಿಸಬೇಕು.