ಬೂನ್ಸ್‌ಬರೋ ಕೋಟೆಯೋ, ಹ್ಯಾರಡ್ ಕೋಟೆಯೋ?

ಅಮೆರಿಕದ ಕೆಂಟಕಿಯಲ್ಲಿ ವಲಸಿಗರ ಮರದ ಕೋಟೆಯೊಂದನ್ನು ನೋಡಲು ಒಂದೇ ದಿನವಿದ್ದರೆ, ಆಯ್ಕೆ ಈ ಎರಡರ ನಡುವೆ. ಲೆಕ್ಸಿಂಗ್ಟನ್ ನಗರದಿಂದ ಎರಡೂ ಹೆಚ್ಚು ದೂರವಿಲ್ಲ. ಎರಡೂ ಕಡೆ ಇಂದು ಕಾಣುವುದು ಇಪ್ಪತ್ತನೆಯ ಶತಮಾನದಲ್ಲಿ ಮರುನಿರ್ಮಿಸಿದ ಕೋಟೆಗಳೇ.

ಹಿರಿತನ ಹ್ಯಾರಡ್ ಕೋಟೆಯಿರುವ ಹ್ಯಾರಡ್ಸ್‌ಬರ್ಗ್ ಊರಿನದು. ಜೇಮ್ಸ್ ಹ್ಯಾರಡ್ 1774ರಲ್ಲಿ ಇಲ್ಲಿ ನೆಲೆ ಹೂಡಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಜಾರ್ಜ್ ರೋಜರ್ಸ್ ಕ್ಲಾರ್ಕ್ ವಾಯವ್ಯದ ಬ್ರಿಟಿಷ್ ಠಾಣೆಗಳ ಮೇಲಿನ ದಾಳಿಯನ್ನು ಯೋಜಿಸಿದ್ದೂ ಇಲ್ಲೇ. ವಲಸಿಗರ ಹಳೆಯ ಸ್ಮಶಾನವೂ ಪಕ್ಕದಲ್ಲಿದೆ.

ಆದರೆ ಕಥೆ ಬೇಕೆಂದರೆ ಬೂನ್ಸ್‌ಬರೋ. ರಿಚರ್ಡ್ ಹೆಂಡರ್ಸನ್‌ನ ಭೂ ಕಂಪನಿಗಾಗಿ ಬೇಟೆಗಾರ, ಗಡಿನಾಡಿನ ಅನ್ವೇಷಕ ಡೇನಿಯಲ್ ಬೂನ್ 1775ರಲ್ಲಿ ದಾರಿ ಕಡಿದು ಕೆಂಟಕಿ ನದಿಯ ದಡಕ್ಕೆ ಬಂದ. 1778ರ ಫೆಬ್ರುವರಿಯಲ್ಲಿ ಉಪ್ಪು ಕಾಯಿಸಲು ಹೋದವರ ಜೊತೆ ಶಾನಿ ಎಂಬ ಮೂಲನಿವಾಸಿ ಜನರ ಕೈಗೆ ಸಿಕ್ಕ, ಜೂನ್‌ನಲ್ಲಿ ತಪ್ಪಿಸಿಕೊಂಡು ಬಂದು ಕೋಟೆಯನ್ನು ಬಲಪಡಿಸಿದ. ಸೆಪ್ಟೆಂಬರ್‌ನಲ್ಲಿ ಶಾನಿ ಮುಖಂಡ ಬ್ಲ್ಯಾಕ್‌ಫಿಶ್ ನಾಯಕತ್ವದಲ್ಲಿ ಮುತ್ತಿಗೆ ಬಿತ್ತು. ಮುತ್ತಿದವರು ನದಿಯ ದಂಡೆಯಿಂದ ಗೋಡೆಯ ಕಡೆಗೆ ಸುರಂಗ ತೋಡಿದರು; ಒಳಗಿನವರು ಎದುರಾಗಿ ಕಂದಕ ಅಗೆದರು. ಮಳೆ ಸುರಿದು ಸುರಂಗ ಕುಸಿಯಿತು, ಮುತ್ತಿಗೆ ಮುರಿಯಿತು. ಅದೇ ವರ್ಷ ವರ್ಜೀನಿಯಾ ಶಾಸನಸಭೆ ಹೆಂಡರ್ಸನ್‌ನ ಭೂಹಕ್ಕನ್ನು ರದ್ದುಮಾಡಿತು.

ನನ್ನ ಮತ ಬೂನ್ಸ್‌ಬರೋಗೆ. ಕೋಟೆಯ ಪ್ರತಿಕೃತಿ ಮೂಲ ಸ್ಥಳದಲ್ಲಿಲ್ಲ. ಆದ್ದರಿಂದ ನದಿಯ ಬಳಿಯ ಮೂಲ ಜಾಗಕ್ಕೂ ಇಳಿದು ಹೋಗಿ. ಶಾನಿಗಳಿಗೆ ಇದು ತಮ್ಮ ಬೇಟೆಯ ನೆಲವಾಗಿತ್ತು ಎಂಬುದನ್ನು ಮರೆತು ಇಲ್ಲಿನ ಯಾವ ಕೋಟೆಯನ್ನೂ ನೋಡಬಾರದು. ಲಿಂಕನ್‌ನ ತಂದೆತಾಯಿಯ ಮದುವೆ ನಡೆದ ಗುಡಿಸಲು ನೋಡುವ ಆಸೆಯಿದ್ದವರು ಮಾತ್ರ ಹ್ಯಾರಡ್ಸ್‌ಬರ್ಗ್‌ಗೇ ಹೋಗಬೇಕು.