ಲಕ್ಷ್ಮಿ ಕೂರಿಸುವ ಸೆಟ್: ಮುಖ, ಸ್ಟ್ಯಾಂಡು ಕೊಳ್ಳಿ, ಕೈ ಬಿಡಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಈ ಸಲ ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಅಂಗಡಿಯಲ್ಲಿ ಅಲಂಕಾರದ ಪೂರ್ತಿ ಸೆಟ್ ತಗೊಂಡೆ. ಜರ್ಮನ್ ಸಿಲ್ವರ್ ಮುಖ, ಕಬ್ಬಿಣದ ಸ್ಟ್ಯಾಂಡು, ಫೈಬರ್ ಕೈ-ಪಾದ, ಕುಚ್ಚಿನ ಜಡೆ. ಮುಂದಿನ ಶ್ರಾವಣಕ್ಕೆ ಕೊಳ್ಳುವವರಿಗೆ ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮುಖ ತುಂಬಾ ಚೆನ್ನಾಗಿದೆ. ನಾನು ಮೊದಲು ನೋಡೋದು ಕಣ್ಣು. ಕಡಿಮೆ ಬೆಲೆಯ ಮುಖಗಳಲ್ಲಿ ಕಪ್ಪು ಬಣ್ಣ ಸುರಿದು ಕಣ್ಣನ್ನು ಅಗಲ ಮಾಡಿರುತ್ತಾರೆ, ನೋಡಿದರೆ ಭಯವಾಗುತ್ತದೆ. ಇದರಲ್ಲಿ ರೆಪ್ಪೆ ಸ್ವಲ್ಪ ಇಳಿದಿದೆ, ದೃಷ್ಟಿ ಕೆಳಗೆ, ಮುಂದೆ ಕೂತು ಪೂಜೆ ಮಾಡುವವರ ಮೇಲೆ ಬೀಳುತ್ತದೆ. ಹಣೆಯಲ್ಲಿ ಕುಂಕುಮಕ್ಕೆ ಸಣ್ಣ ಗುಳಿ ಬಿಟ್ಟಿದ್ದಾರೆ, ಅರ್ಚನೆ ಮುಗಿಯುವವರೆಗೂ ಬೊಟ್ಟು ಉದುರಲಿಲ್ಲ. ಮೂಗುತಿಗೆ ತೂತು ಬೇರೆಯೇ ಇದೆ, ಮನೆಯ ಚಿನ್ನದ ಮೂಗುತಿಯನ್ನೇ ಹಾಕಬಹುದು. ಕತ್ತು ಗಿಡ್ಡವಾಗಿರೋದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಉದ್ದ ಕತ್ತಿನ ಮುಖ ಕಟ್ಟಿದರೆ ಕಳಶದ ಮಾವಿನೆಲೆ ಪೂರ್ತಿ ಮುಚ್ಚಿಹೋಗುತ್ತದೆ. ಇದರಲ್ಲಿ ಎಲೆ ಸುತ್ತಲೂ ಕಾಣುತ್ತದೆ, ಹಿಂದೆ ತೆಂಗಿನಕಾಯಿಯ ಜುಟ್ಟೂ ನೆಟ್ಟಗೆ ನಿಲ್ಲುತ್ತದೆ.

ಒಂದು ಮಾತು ಗಮನದಲ್ಲಿರಲಿ: ಜರ್ಮನ್ ಸಿಲ್ವರ್ ಅಂದರೆ ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹ. ಅದರಲ್ಲಿ ಬೆಳ್ಳಿ ಇರುವುದಿಲ್ಲ. ಬೆಳ್ಳಿಯ ಮುಖವೇ ಬೇಕಿದ್ದರೆ 925 ಮುದ್ರೆ ನೋಡಿ, ತೂಕ ಹಾಕಿಸಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಪೂಜೆಗೆ ಎರಡೂ ಆಗುತ್ತದೆ. ಅರಿಶಿನ ಕಲಸಿ ಕಾಯಿಯ ಮೇಲೇ ಕಣ್ಣು-ಮೂಗು ತಿದ್ದಿ ಕೂರಿಸುವ ಮನೆಗಳೂ ಇವೆ, ಅಲ್ಲಿ ಅಮ್ಮನವರ ಕಳೆ ಏನೂ ಕಮ್ಮಿಯಿರುವುದಿಲ್ಲ.

ಸ್ಟ್ಯಾಂಡಿನಲ್ಲಿ ಎರಡು ಮಾದರಿ ತೋರಿಸಿದರು. ಒಂದರಲ್ಲಿ ಕಂಬಿಯ ತುದಿಗೆ ಮುಖ ಸಿಕ್ಕಿಸಿದರೆ ಆಯಿತು. "ಕಳಶ ಬೇಕಾಗೇ ಇಲ್ಲ ಮೇಡಂ, ಸೀರೆ ಸುತ್ತಿದ್ರೆ ಮುಗೀತು" ಅಂದರು. ನನಗೆ ಅದು ಬೇಡ ಅನ್ನಿಸಿತು. ವ್ರತದ ಕಥೆಯಲ್ಲಿ ಚಾರುಮತಿ ಮತ್ತು ಕುಂಡಿನ ನಗರದ ಹೆಂಗಸರು ದೇವಿಯನ್ನು ಆವಾಹನೆ ಮಾಡಿದ್ದು ಕಳಶಕ್ಕೆ, ಹೊಸ ಅಕ್ಕಿಯ ಮೇಲೆ, ಚಿಗುರೆಲೆ ಇಟ್ಟು. ಧಾನ್ಯ, ನಾಣ್ಯ, ಅಡಿಕೆ, ಅರಿಶಿನದ ಕೊಂಬು ತುಂಬಿದ ಆ ಚೊಂಬೇ ಲಕ್ಷ್ಮಿ. ಮುಖ, ಸೀರೆ, ಒಡವೆ ಎಲ್ಲ ನಾವು ಆಸೆಪಟ್ಟು ಮಾಡುವ ಸಿಂಗಾರ. ಒಳಗೆ ಬರೀ ಕಂಬಿ ಇದ್ದರೆ ಪೂಜೆ ಯಾವುದಕ್ಕೆ? ಮಾರನೆ ದಿನ ಕದಲಿಸಿದ ಮೇಲೆ ಕಳಶದ ಅಕ್ಕಿಯಲ್ಲಿ ಪಾಯಸ ಮಾಡಿ ಮನೆಮಂದಿಯೆಲ್ಲ ಉಣ್ಣುತ್ತೇವಲ್ಲ, ಅದೂ ಇಲ್ಲದಂತಾಗುತ್ತದೆ.

ಹಾಗಾಗಿ ನಾನು ತಂದದ್ದು ಇನ್ನೊಂದು ಮಾದರಿ, ಚೊಂಬು ಕೂರಿಸಲು ಬಳೆಯಂಥ ಸುತ್ತು ಇರುವ ಸ್ಟ್ಯಾಂಡು. ನಮ್ಮ ಚೊಂಬು ಅದರೊಳಗೆ ಅಲುಗಾಡದೆ ಕೂತಿತು. ಅಡ್ಡಕಡ್ಡಿಗೆ ಸೀರೆಯ ನೆರಿಗೆ ಕಟ್ಟಿದರೆ ಭುಜ ತಾನಾಗಿ ಬರುತ್ತದೆ. ಎತ್ತರ ಹೊಂದಿಸಬಹುದು, ತಗ್ಗಿಸಿಕೊಂಡರೆ ಅಮ್ಮನವರು ಪದ್ಮಾಸನದಲ್ಲಿ ಕೂತ ಹಾಗೆ ಕಾಣುತ್ತಾರೆ. ನಿಂತ ಲಕ್ಷ್ಮಿ ಹೊರಟುಹೋಗುತ್ತಾಳೆ, ಕೂತವಳು ಮನೆಯಲ್ಲಿ ನೆಲೆಸುತ್ತಾಳೆ ಎಂದು ನಂಬುವವರಿಗೆ ಇದು ಮುಖ್ಯ. ಅತ್ತೆಯವರು ಮೊದಲು ಕೇಳಿದ್ದೇ ಅದನ್ನು.

ಕೈಗಳು ಮಾತ್ರ ಮನಸ್ಸಿಗೆ ಒಪ್ಪಲಿಲ್ಲ. ಎರಡೂ ಒಂದೇ ಅಚ್ಚಿನವು, ಎರಡೂ ಬೆರಳು ಮೇಲೆ ಮಾಡಿದ ಅಭಯ ಹಸ್ತ. ಒಂದು ಕೈ ಹೆದರಬೇಡ ಅನ್ನಬೇಕು, ಇನ್ನೊಂದು ಅಂಗೈ ತೆರೆದು ಕೆಳಗೆ ಚಾಚಿ ಕೊಡಬೇಕು. ಪಟದಲ್ಲಿ ನಾಣ್ಯ ಸುರಿಯೋದು ಆ ಕೈಯಿಂದಲೇ. ವರ ಕೇಳಲೆಂದೇ ಮಾಡುವ ವ್ರತದಲ್ಲಿ ವರದ ಹಸ್ತ ಇಲ್ಲದಿದ್ದರೆ ಹೇಗೆ? ಅಂಗೈಯಲ್ಲಿ ತಾವರೆ ಮೊಗ್ಗು ಸಿಕ್ಕಿಸಲೂ ಜಾಗವಿಲ್ಲ, ಫೈಬರ್ ಮೇಲೆ ಬಳೆ ಜಾರುತ್ತದೆ. ಹಬ್ಬದ ದಿನ ನಾನು ಕೈಗಳನ್ನು ಜೋಡಿಸಲೇ ಇಲ್ಲ. ಸೆರಗನ್ನು ಮುಂದಕ್ಕೆ ಹರಡಿ, ಎರಡು ಪಕ್ಕದಲ್ಲೂ ಮನೆಯಲ್ಲಿದ್ದ ಹಿತ್ತಾಳೆ ಆನೆಗಳನ್ನು ಇಟ್ಟೆ. ಗಜಲಕ್ಷ್ಮಿಯ ಹಾಗೆ ಲಕ್ಷಣವಾಗಿ ಕಂಡಿತು. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರೆಲ್ಲ ಮುಖ ಎಲ್ಲಿ ತಂದಿರಿ ಎಂದು ಕೇಳಿದರು.

ಜಡೆ ಪರವಾಗಿಲ್ಲ, ಮಲ್ಲಿಗೆ ಮುಡಿಸಿದರೆ ಹೇಗೂ ಕಾಣುವುದಿಲ್ಲ.

ಸೆಟ್ಟಾಗಿ ತಗೋಬೇಡಿ. ಮುಖ, ಸ್ಟ್ಯಾಂಡು ಬಿಡಿಯಾಗಿಯೂ ಕೊಡುತ್ತಾರೆ. ಹೋಗುವಾಗ ನಿಮ್ಮ ಕಳಶದ ಚೊಂಬನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಕೂರಿಸಿ ನೋಡಿ. ಮುಖವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕಲ್ಲು ಕಿತ್ತು ಬರುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಸುತ್ತಿಟ್ಟರೆ ಸಾಕು. ಆಷಾಢದಲ್ಲೇ ಹೋದರೆ ಒಳ್ಳೆಯದು. ಶ್ರಾವಣ ಹುಣ್ಣಿಮೆ ಹತ್ತಿರ ಬಂತೆಂದರೆ ಅವೆನ್ಯೂ ರಸ್ತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಒಳ್ಳೆಯ ಕಣ್ಣಿನ ಮುಖಗಳೆಲ್ಲ ಅಷ್ಟರಲ್ಲಿ ಖಾಲಿಯಾಗಿರುತ್ತವೆ.