ಜೋನಿ ಬೆಲ್ಲವೋ, ಸ್ಟೀವಿಯಾವೋ, ಚಮಚ ಕಡಿಮೆಯೋ?

ಚಹಾಕ್ಕೆ ಸಕ್ಕರೆ ಬಿಟ್ಟು ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಹಾಕಲೇ, ಸ್ಟೀವಿಯಾ (ಗಿಡದ ಎಲೆಯಿಂದ ತೆಗೆದ ಸಿಹಿ) ತರಲೇ, ಇಲ್ಲ ಇರುವ ಸಕ್ಕರೆಯನ್ನೇ ಕಡಿಮೆ ಮಾಡಲೇ ಅಂತ ಕೇಳಿದ್ದೀರಿ.

ಮೊದಲು ಲೆಕ್ಕ ನೋಡೋಣ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡೆರಡು ಚಮಚದ ನಾಲ್ಕು ಲೋಟ ಚಹಾ ಕುಡಿದರೆ ಅಲ್ಲೇ 32 ಗ್ರಾಂ ಆಯ್ತು, ಅಲ್ವಾ?

ಶಿರಸಿ ಕಡೆಯವರಿಗೆ ಬೆಲ್ಲದ ಮೇಲೆ ಪ್ರೀತಿ ಜಾಸ್ತಿ, ನನಗೂ ಅಷ್ಟೇ. ಬಿಸಿ ತೆಳ್ಳೇವಿಗೆ (ನಮ್ಮ ಕಡೆಯ ತೆಳು ದೋಸೆ) ಜೋನಿ ಬೆಲ್ಲ, ತುಪ್ಪ ಇದ್ದರೆ ಬೇರೇನೂ ಬೇಡ. ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಕಬ್ಬಿಣದ ಅಂಶ ನೆಚ್ಚಿಕೊಂಡು ಸುಮ್ನೆ ಜಾಸ್ತಿ ಸುರಿದುಕೊಳ್ಳಬೇಡಿ. ಮಧುಮೇಹ ಇದ್ದವರಿಗಂತೂ ಇದು ಬದಲಿ ಅಲ್ಲವೇ ಅಲ್ಲ. ಹಾಲಿನ ಚಹಾಕ್ಕೆ ಹಾಕಿದರೆ ಒಡೆಯುವುದೂ ಉಂಟು. ಕಷಾಯಕ್ಕೆ ಚೆನ್ನಾಗಿ ಹೊಂದುತ್ತದೆ.

ಸ್ಟೀವಿಯಾ ರಕ್ತದಲ್ಲಿನ ಸಕ್ಕರೆ ಏರಿಸುವುದಿಲ್ಲ. ಬೆಲೆ ಜಾಸ್ತಿ, ಕೊನೆಗೆ ಸ್ವಲ್ಪ ಕಹಿ ಉಳಿಯುತ್ತದೆ. ಮಧುಮೇಹದವರು ಡಾಕ್ಟರನ್ನು ಕೇಳಿ ಬಳಸಬಹುದು. ತೂಕ ಇಳಿಸಲೆಂದೇ ಆದರೆ ಇಂಥವನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಚಮಚ ಕಡಿಮೆ ಮಾಡುವುದಕ್ಕೆ ಖರ್ಚಿಲ್ಲ. ಕಷ್ಟ ಇರುವುದು ನಾಲಿಗೆಗೆ, ಅದೂ ಮೊದಲ ಕೆಲವು ವಾರ. ಕಾಯಿಲೆ ಇಲ್ಲದ, ಚಹಾ ಬಿಡಲಾಗದ ಮನೆಗೆ ನಾನು ಹೇಳುವುದು ಇದನ್ನೇ. ವಾರಕ್ಕೆ ಕಾಲು ಚಮಚ ಇಳಿಸಿ. ಮಕ್ಕಳ ಲೋಟದಿಂದಲೇ ಶುರು ಮಾಡಿ.